ಪಟ್ಟಿಯ ಮೊದಲ ಹೆಸರು

ಇದನ್ನು ಬರೆಯಲು ಕೂತಾಗಲೆಲ್ಲ ಮನಸ್ಸಿನಲ್ಲಿ ಒಂದು ತಕರಾರು ಏಳುತ್ತದೆ: ನಡೆದದ್ದು ಹೀಗೇ ಎಂದು ಹೇಳುವಷ್ಟು ನನಗೆ ಗೊತ್ತಿದೆಯೇ? ಆ ಸಲದ ನೀರಿನ ಸರದಿಯನ್ನು ನಾನು ಕಂಪ್ಯೂಟರಿನಲ್ಲಿ ಮಾಡಿದ್ದು ನಿಜ. ಅದರಿಂದ ನಮ್ಮೂರಿನ ಕಾಕಿಯೊಬ್ಬಳ ಪಾಳಿ ತಪ್ಪಿದ್ದೂ ನಿಜ. ಆದರೆ ಯಾರು ಯಾವಾಗ ಏನು ಹೇಳಿದರು, ನಾನು ಎಷ್ಟು ತಿಳಿದು ಮಾಡಿದೆ, ಎಷ್ಟು ತಿಳಿಯದೆ ಮಾಡಿದೆ ಎಂಬುದು ನೆನೆಸಿಕೊಂಡ ಪ್ರತಿ ಸಲವೂ ಒಂದಿಷ್ಟು ಬದಲಾಗುತ್ತದೆ. ಆ ಬದಲಾವಣೆ ಯಾವಾಗಲೂ ನನಗೆ ಅನುಕೂಲವಾಗುವ ಕಡೆಗೇ ಇರುವುದರಿಂದ ನನ್ನ ನೆನಪಿನ ಮೇಲೆ ನನಗೇ ಗುಮಾನಿ.

ಆಗ ನಾನು ಸುರಪುರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ನಮ್ಮೂರು ಶಹಾಪುರದ ರಸ್ತೆಯಿಂದ ಸ್ವಲ್ಪ ಒಳಗೆ, ಕಾಲುವೆಯ ಕೆಳಗಡೆ. ನಾನು ಹುಟ್ಟುವ ಹೊತ್ತಿಗೇ ಕಾಲುವೆ ಹರಿಯುತ್ತಿತ್ತು. ಅದಿಲ್ಲದ ಊರನ್ನು ನಾನು ಕಂಡಿಲ್ಲ. ಆ ವರ್ಷ ಕಲಾ ವಿಭಾಗದ ಮಕ್ಕಳಿಗೂ ಕಂಪ್ಯೂಟರ್ ಪತ್ರಿಕೆ ಬಂತು. ಕಲಿಸುವವರಿರಲಿಲ್ಲ. ಪ್ರಿನ್ಸಿಪಾಲರು ಸಿಬ್ಬಂದಿ ಕೋಣೆಗೆ ಬಂದು ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ನಿಂತಿತು.

"ನಿಮಗ ತಾಸು ಕಮ್ಮಿ ಅವ. ಪೈಥಾನ್ ನೀವೇ ತಗೊಂಡುಬಿಡ್ರಿ."

"ಸರ್, ನನಗ ಬರಂಗಿಲ್ಲರಿ."

"ಇಲ್ಲಿ ಯಾರಿಗ್ ಬರ್ತದರಿ? ಹುಡುಗರಿಗಿಂತ ಒಂದು ಪಾಠ ಮುಂದಿದ್ರ ಸಾಕು."

ಆ ಒಂದು ಪಾಠ ಮುಂದಿರುವುದಕ್ಕಾಗಿ ನಾನು ಪ್ರತಿ ಭಾನುವಾರ ಯಾದಗಿರಿಗೆ ಹೋಗತೊಡಗಿದೆ. ಸ್ಟೇಷನ್ನಿನ ಹತ್ತಿರ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ತರಗತಿ. ಕಲಿಸುವವಳು ಗುರುಮಠಕಲ್ ಕಡೆಯ ಹುಡುಗಿ, ನನಗಿಂತ ಎಂಟು ವರ್ಷವಾದರೂ ಚಿಕ್ಕವಳು. ಸಿಟ್ಟು ಬಂದಾಗ ತೆಲುಗು, ಸಮಾಧಾನವಾದಾಗ ಕನ್ನಡ. ನಾನು ಬಹಳ ತೆಲುಗು ಕೇಳಿದೆ.

ನನ್ನ ಮೊದಲ ವೈಲ್ ಲೂಪ್, ಅಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಮಾಡುವ ಸುತ್ತು, ನಿಲ್ಲಲೇ ಇಲ್ಲ. ಒಂದರಿಂದ ಹತ್ತು ಬರಬೇಕಾದದ್ದು ಒಂದು, ಒಂದು, ಒಂದು ಎಂದು ಪರದೆಯ ಮೇಲೆ ಸುರಿಯತೊಡಗಿತು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು ಕೂತೆ.

"ಸರ್, ಏನ್ ಮಾಡಾಕತ್ತೀರಿ?"

"ನಾ ಏನೂ ಮಾಡಾಕತ್ತಿಲ್ಲಮ್ಮ. ಅದೇ ಮಾಡಾಕತ್ತದ."

"ಎಣಿಕಿ ಮುಂದ ಹೋಗು ಅಂತ ನೀವು ಹೇಳೇ ಇಲ್ಲಲ್ಲರಿ! ಪಾಪ, ಒಂದರ ಮ್ಯಾಲೇ ನಿಂತದ. ನೀವು ಹೇಳಿದ್ದಷ್ಟೇ ಮಾಡ್ತದರಿ ಅದು. ನೀವು ಮನಸಿನ್ಯಾಗ ಅಂದ್ಕೊಂಡಿದ್ದು ಅದಕ್ಕ ಗೊತ್ತಾಗಂಗಿಲ್ಲ."

ಫಾರ್ ಲೂಪನ್ನು ಅವಳು ಊಟದ ಪಂಕ್ತಿಯಿಂದ ಹೇಳಿಕೊಟ್ಟಳು. ಸಾಲಿಗೆ ಕೂತವರಿಗೆ ಒಬ್ಬೊಬ್ಬರಿಗೆ ಬಡಿಸುತ್ತ ಹೋಗುವುದು; ಸಾಲು ಮುಗಿದರೆ ಬಡಿಸುವುದೂ ಮುಗಿಯಿತು. ಅದು ಅರ್ಥವಾಯಿತು. ಆಮೇಲೆ ಪಟ್ಟಿಗಳು ಬಂದವು. ಚೌಕ ಕಂಸದೊಳಗೆ ಹೆಸರುಗಳನ್ನು ಸಾಲಾಗಿ ಇಟ್ಟರೆ ಅದು ಪಟ್ಟಿ. ಕೊನೆಗೆ ಒಂದನ್ನು ಸೇರಿಸಲು ಅಪೆಂಡ್, ನಡುವೆ ತೂರಿಸಲು ಇನ್ಸರ್ಟ್, ತೆಗೆಯಲು ರಿಮೂವ್, ಎಷ್ಟಿವೆ ಎಂದು ಕೇಳಲು ಲೆನ್. ಮೊದಲನೆಯದರ ಸಂಖ್ಯೆ ಒಂದಲ್ಲ, ಸೊನ್ನೆ. ಈ ಸೊನ್ನೆಯ ಬಗ್ಗೆ ನಾನು ಅವಳೊಂದಿಗೆ ಎರಡು ಭಾನುವಾರ ವಾದ ಮಾಡಿದೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದರಲ್ಲಿ ಉಳಿದುಕೊಂಡದ್ದು ಅದೊಂದೇ, ಯಾರು ಏನು ಹೇಳಿದರೂ ಯಾಕೆ ಎಂದು ಕೇಳುವುದು. ಕೇಳಿದ್ದರಿಂದ ಉಪಯೋಗವಾಗಲಿಲ್ಲ. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ಪುಸ್ತಕದ ಅಭ್ಯಾಸಗಳಲ್ಲೆಲ್ಲ ಹಣ್ಣುಗಳ ಪಟ್ಟಿ. ಸೇಬು ತೆಗೆ, ಮಾವು ಸೇರಿಸು. ನನ್ನ ತಲೆಯಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ. ಒಂದು ದಿನ ಅವಳಿಗೆ ಬೇಸರವಾಯಿತು.

"ಹಣ್ಣು ಬಿಡ್ರಿ ಸರ್. ನಿಮ್ಮ ಊರಿಂದೇ ಏನರ ಒಂದು ಪಟ್ಟಿ ಮಾಡ್ಕೊಂಡು ಬರ್ರಿ. ನಿಮ್ಮದಾದ್ರ ತಲ್ಯಾಗ ಕುಂದರ್ತದ."

ನಮ್ಮೂರಲ್ಲಿ ಪಟ್ಟಿ ಎಂದರೆ ಒಂದೇ, ನೀರಿನ ಸರದಿ. ಕಾಲುವೆಗೆ ಒಂದಿಷ್ಟು ದಿನ ನೀರು, ಒಂದಿಷ್ಟು ದಿನ ಬಂದ್. ನೀರಿರುವ ದಿನಗಳಲ್ಲಿ ನಮ್ಮ ತೂಬಿನಿಂದ ಹೊಲಗಳಿಗೆ ಪಾಳಿಯ ಮೇಲೆ ನೀರು ಹೋಗಬೇಕು. ನಮ್ಮ ತೂಬಿನ ಕೆಳಗೆ ಇಪ್ಪತ್ಮೂರು ಮಂದಿ. ಸರದಿ ಯಾವ ಹಾಳೆಯಲ್ಲೂ ಇರಲಿಲ್ಲ. ಊರಿನ ಒಬ್ಬ ಹಿರಿಯನ ಬಾಯಲ್ಲಿತ್ತು. ಎಲ್ಲರೂ ಅವನನ್ನು ಮುತ್ಯಾ ಎನ್ನುತ್ತಿದ್ದರು. ನೀರು ಬರುವ ಮೊದಲ ದಿನ ಬೆಳಿಗ್ಗೆ ಮುತ್ಯಾ ತೂಬಿನ ಕಟ್ಟೆಯ ಮೇಲೆ ನಿಂತು ಇಪ್ಪತ್ಮೂರು ಹೆಸರನ್ನೂ ಗಟ್ಟಿಯಾಗಿ ಕೂಗುತ್ತಿದ್ದ. ತನ್ನ ಹೆಸರು ಬಂದಾಗ ಸುಮ್ಮನಿದ್ದವನು ಒಪ್ಪಿದಂತೆ. ಬೇಡವಾದವನು ಅಲ್ಲೇ "ಈ ಸಲ ಬ್ಯಾಡ" ಎನ್ನಬೇಕು. ಮುತ್ಯಾ ಮುಂದಿನ ಹೆಸರಿಗೆ ಹೋಗುತ್ತಿದ್ದ. ಜಗಳಗಳೂ ಅಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತಿದ್ದವು.

ಆ ವರ್ಷ ಭತ್ತ ಹೊಡೆ ಕಟ್ಟಿ ತೆನೆ ಹೊರಬರುವ ಹೊತ್ತಿಗೆ ಮುತ್ಯಾನ ಕಣ್ಣಿನ ಪೊರೆ ತೆಗೆಸಲು ಮಗ ಅವನನ್ನು ಕಲಬುರಗಿಗೆ ಕರೆದೊಯ್ಯುವುದೆಂದಾಯಿತು. ನೀರು ಬರುವ ದಿನ ಅವನು ಊರಲ್ಲಿರುವುದಿಲ್ಲ. "ನೀ ಕಂಪ್ಯೂಟರ್ ಕಲಿಯಾಕತ್ತೀಯಲ್ಲ, ಒಂದು ಹಾಳಿ ಮಾಡು" ಎಂದು ಅವನೇ ಕೇಳಿದನೋ, ನಾನೇ ಮಾಡಿಕೊಡುತ್ತೇನೆಂದು ಮುಂದೆ ಬಿದ್ದೆನೋ ಖಚಿತವಿಲ್ಲ. ಅವನೇ ಕೇಳಿದ ಎಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ.

ಮುತ್ಯಾ ಹೇಳಿದ, ನಾನು ಬರೆದುಕೊಂಡೆ. ಅಜ್ಜನ ಹೆಸರನ್ನು ಮೊದಲ ಮೊಮ್ಮಗನಿಗೆ ಇಡುವುದು ನಮ್ಮ ಕಡೆ ರೂಢಿ. ಒಂದು ಮನೆತನದ ಮೂವರು ಅಣ್ಣತಮ್ಮಂದಿರಿಗೆ ಮೊದಲನೆಯದು ಗಂಡು ಹುಟ್ಟಿ, ಮೂವರೂ ತಮ್ಮ ಮಗನಿಗೆ ಅದೇ ಅಜ್ಜನ ಹೆಸರಿಟ್ಟಿದ್ದರು. ಹೀಗಾಗಿ ನಮ್ಮ ತೂಬಿನ ಕೆಳಗೆ ಒಂದೇ ಹೆಸರಿನ, ಒಂದೇ ಮನೆತನದ ಮೂವರು. ಊರು ಇದನ್ನು ಯಾವತ್ತೋ ಬಗೆಹರಿಸಿಕೊಂಡಿತ್ತು: ಒಬ್ಬ ಗಿಡ್ಡ, ಒಬ್ಬ ಮೆಳ್ಳ, ಒಬ್ಬ ಬೋಳ. ಗಿಡ್ಡ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಹೊಲ ಮಾಡುತ್ತಿದ್ದವಳು ಅವನ ಹೆಂಡತಿ; ನಾನು ಕಾಕಿ ಎನ್ನುವುದು ಅವಳಿಗೇ. ಪಹಣಿಯಲ್ಲಿ ಇನ್ನೂ ಗಂಡನ ಹೆಸರೇ ಇತ್ತು, ಆದ್ದರಿಂದ ಸರದಿಯಲ್ಲೂ ಅದೇ. ಅವಳ ಹೊಲ ತೂಬಿಗೆ ಅಂಟಿಕೊಂಡಿದ್ದರಿಂದ ಅದು ಪಟ್ಟಿಯ ಮೊದಲ ಹೆಸರು.

ನಾನು ಅಡ್ಡಹೆಸರುಗಳನ್ನು ಬಿಟ್ಟೆ. ಎಂ.ಎ.ಯಲ್ಲಿ ಮನುಷ್ಯನ ಘನತೆಯ ಬಗ್ಗೆ ಪ್ರಬಂಧ ಬರೆದವನು ನಾನು. ಮೆಳ್ಳ, ಗಿಡ್ಡ ಎಂದು ಅಚ್ಚುಹಾಕಿ ಗೋಡೆಗೆ ಅಂಟಿಸಲು ಕೈ ಬರಲಿಲ್ಲ. "ಗಿಡ್ಡ ಅಂತ ಬರಿ, ಇಲ್ಲಂದ್ರ ಕಲಸುಮೇಲೋಗರ ಆಗ್ತದ" ಎಂದು ಮುತ್ಯಾ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಆ ನೆನಪಿನಲ್ಲಿ ಅವನು ಕಪ್ಪು ಕನ್ನಡಕ ಹಾಕಿಕೊಂಡಿದ್ದಾನೆ. ಕಪ್ಪು ಕನ್ನಡಕ ಬಂದದ್ದು ಆಪರೇಷನ್ ಆದಮೇಲೆ. ಹಾಗಾದರೆ ಅವನು ಅದನ್ನು ಮುಂಚೆ ಹೇಳಲಿಲ್ಲವೇ, ಅಥವಾ ಮುಂಚೆ ಹೇಳಿದ್ದಕ್ಕೆ ನಾನು ಆಮೇಲಿನ ಕನ್ನಡಕ ತೊಡಿಸಿದ್ದೇನೆಯೇ? ಗೊತ್ತಿಲ್ಲ.

ಪಟ್ಟಿ ಮಾಡಿದೆ. ಲೂಪ್ ಬರೆದೆ. ಒಬ್ಬೊಬ್ಬರ ಹೆಸರನ್ನು ತೆಗೆದುಕೊಂಡು, ಅವರ ಹೊಲಕ್ಕೆ ತಕ್ಕಷ್ಟು ತಾಸು ಕೂಡಿಸಿ, ಯಾವ ದಿನ ಎಷ್ಟು ಹೊತ್ತಿಗೆ ಎಂದು ಅದು ತಾನೇ ಬರೆಯಿತು. ಅಷ್ಟು ದಿನ ನಾನು ಹೇಳಿದ ಹಾಗೆ ಕೇಳದಿದ್ದದ್ದು ಅವತ್ತು ಕೇಳಿತು. ಅಷ್ಟರಲ್ಲಿ ಮೆಳ್ಳ ಬಾಗಿಲಿಗೆ ಬಂದು ನಿಂತ.

"ಮಾಸ್ತರ, ನಂದು ಹತ್ತಿ ಒಡದದ. ಈ ಸಲ ನೀರು ಬ್ಯಾಡ. ನನ್ನ ಹೆಸರು ತೆಗಿ."

ರಿಮೂವ್ ಎಂದು ಬರೆದು ಅವನ ಹೆಸರು ಹಾಕಿದೆ. ಲೆನ್ ಕೇಳಿದೆ: ಇಪ್ಪತ್ತೆರಡು. ಸರಿ. ಸುರಪುರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಒಂದನ್ನು ಚಹಾದ ಹೋಟೆಲಿನ ಗೋಡೆಗೆ ಅಂಟಿಸಿ, ಉಳಿದವನ್ನು ಹಂಚಿದೆ. ಮುತ್ಯಾ ಅಷ್ಟೊತ್ತಿಗೆ ಹೋಗಿಯಾಗಿತ್ತು. ಕಟ್ಟೆಯ ಮೇಲೆ ನಿಂತು ಹೆಸರು ಕೂಗುವವರು ಯಾರೂ ಇರಲಿಲ್ಲ. ಹಾಳೆ ಇದೆಯಲ್ಲ, ಯಾಕೆ ಕೂಗಬೇಕು ಎಂದು ನಾನೇ ಅಂದೆ.

ನೀರು ಬಂದ ಮೊದಲ ದಿನ ಬೆಳಿಗ್ಗೆ, ನಾನು ಕಾಲೇಜಿಗೆ ಹೊರಟಿದ್ದಾಗ, ಕಾಕಿ ಮಗಳಿಂದ ಓದಿಸಿಕೊಂಡ ಹಾಳೆ ಹಿಡಿದುಕೊಂಡು ಬಂದಳು. ಸೀರೆಯ ಅಂಚು ಕೆಸರಾಗಿತ್ತು.

"ಮಾಸ್ತರ, ನಿನ್ನ ಕಂಪ್ಯೂಟರ್ ಭಾಳ ಶಾಣ್ಯಾ ಅದ ಬಿಡು."

"ಯಾಕ ಕಾಕಿ?"

"ನನ್ನ ಗಂಡ ಸತ್ತಾನಂತ ಮೂರು ವರ್ಷದಿಂದ ತಹಶೀಲ್ ಆಫೀಸಿಗೆ ಹೇಳಾಕತ್ತೀನಿ. ಅವರು ನಂಬವಲ್ಲರು. ನಿನ್ನ ಕಂಪ್ಯೂಟರಿಗೆ ಯಾರು ಹೇಳಿದ್ರು? ತೆಗದೇಬಿಟ್ಟದ!"

ನಾನು ನಕ್ಕೆ ಅನ್ನಿಸುತ್ತದೆ. ಯಾಕೆಂದರೆ ಅವಳ ಮುಂದಿನ ಮಾತು ಇದಾಗಿತ್ತು: "ನಗಬ್ಯಾಡ. ಭತ್ತ ಹೊಡಿ ಹಾಯಾಕತ್ತದ. ಈ ನೀರು ತಪ್ಪಿದ್ರ ನಾ ಜೊಳ್ಳು ತೂರ್ಕೋತ ಕುಂದರಬೇಕು."

ಹಾಳೆ ನೋಡಿದೆ. ಅಜ್ಜನ ಹೆಸರು ಎರಡು ಸಲ ಇತ್ತು. ಒಂದು ಮೆಳ್ಳನ ಜಾಗದಲ್ಲಿ, ಇನ್ನೊಂದು ಬೋಳನ ಜಾಗದಲ್ಲಿ, ಕೊನೆಗೆ. ಮೊದಲ ಸಾಲಿನಲ್ಲಿ ಬೇರೆ ಯಾರೋ ಇದ್ದರು. ರಿಮೂವ್ ಪಟ್ಟಿಯ ಮೇಲಿನಿಂದ ಹುಡುಕುತ್ತ ಬಂದು, ಆ ಹೆಸರು ಮೊದಲು ಎಲ್ಲಿ ಸಿಕ್ಕಿತೋ ಅದನ್ನು ತೆಗೆದು, ಕೆಲಸವಾಯಿತೆಂದು ನಿಂತಿತ್ತು. ಮೂವರಲ್ಲಿ ಯಾರೆಂದು ಅದಕ್ಕೆ ತಿಳಿಯುವ ಒಂದೇ ದಾರಿಯನ್ನು ನಾನು ಘನತೆಗಾಗಿ ಅಳಿಸಿದ್ದೆ.

"ಅದು ಮೊದಲು ಸಿಕ್ಕಿದ್ದನ್ನ ತೆಗೀತದ ಕಾಕಿ. ಒಂದೇ ಹೆಸರು ಮೂರು ಇದ್ವಲ್ಲ..."

"ಮೊದಲು ಸಿಕ್ಕವರನ್ನ ಹಿಡಿಯಾಕ ಅದೇನು ಹುಚ್ಚುನಾಯಿಯೇನು?"

ಕಾಲೇಜಿಗೆ ರಜೆ ಹೇಳಿ ಅವಳ ಜೊತೆ ತೂಬಿಗೆ ಹೋದೆ. ಹಾಳೆಯ ಮೊದಲ ಸಾಲಿನವನು ಬೆಳಗಿನಿಂದಲೇ ನೀರು ತಿರುಗಿಸಿಕೊಂಡಿದ್ದ. ತಪ್ಪು ನನ್ನದು, ಎರಡು ತಾಸು ಬಿಡು ಎಂದೆ. ಅವನು ಸಲಿಕೆಯ ಮೇಲೆ ಕೈಯೂರಿ ನನ್ನನ್ನು ನೋಡಿದ. "ಪ್ರಿಂಟ್ ಬಂದದಲ್ಲ ಮಾಸ್ತರ. ಮುತ್ಯಾ ಕೂಗಿದ್ರ ಜಗಳ ತೆಗೀಬಹುದಿತ್ತು. ಪ್ರಿಂಟಿನ ಜೋಡಿ ಹೆಂಗ ಜಗಳ ಮಾಡ್ಲಿ?" ಅದು ಚೇಷ್ಟೆಯಾಗಿರಲಿಲ್ಲ. ಅವನು ಹಾಗೆಯೇ ನಂಬಿದ್ದ.

ಉಳಿದದ್ದು ಮೆಳ್ಳನ ಪಾಳಿ. ಬೇಡವೆಂದವನ ಪಾಳಿ ಹಾಳೆಯಲ್ಲಿ ಹಾಗೇ ಉಳಿದಿತ್ತು. ಅದನ್ನು ಕಾಕಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಅವರಿಬ್ಬರ ಮನೆಗಳ ನಡುವೆ ಬದುವಿನ ಜಗಳ ಹಳೆಯದು.

"ನಾ ಬ್ಯಾಡ ಅಂದಿದ್ದೆ ಖರೆ," ಎಂದ ಮೆಳ್ಳ. "ಕಂಪ್ಯೂಟರ್ ತಾನೇ ಕೊಟ್ಟದ. ಬಂದ ನೀರು ಯಾಕ ಬಿಡ್ಲಿ? ನಮ್ಮ ಅಳಿಯಗ ಕೊಟ್ಟೀನಿ."

"ಕಾಕಿಗೆ ಕೊಡು ಅಣ್ಣಾ. ಅದು ಅಕಿದೇ ನೀರು."

"ಅಕಿದಾ? ಹಾಳ್ಯಾಗ ಎಲ್ಲಿ ಅದ ತೋರ್ಸು."

ತೋರಿಸಲು ಏನೂ ಇರಲಿಲ್ಲ. ಕಾಕಿ ದೂರ ನಿಂತಿದ್ದಳು. ಅವಳು ಬಂದು ಕೇಳಲಿಲ್ಲ, ಅವನೂ ಅವಳ ಕಡೆ ತಿರುಗಲಿಲ್ಲ.

ಸಂಜೆ ಮತ್ತೆ ಪಟ್ಟಿಯ ಮುಂದೆ ಕೂತೆ. ಇನ್ಸರ್ಟ್ ಮಾಡಿ ಎಲ್ಲಾದರೂ ನಡುವೆ ತೂರಿಸಿದರೆ ಅಲ್ಲಿಂದ ಕೆಳಗಿನ ಎಲ್ಲರ ಹೊತ್ತೂ ಸರಿಯುತ್ತದೆ. ಆಗಲೇ ಎಲ್ಲರೂ ತಮ್ಮ ಹೊತ್ತನ್ನು ಬಾಯಿಪಾಠ ಮಾಡಿಕೊಂಡಿದ್ದರು. ಮುತ್ಯಾನಿಗೆ ಫೋನ್ ಮಾಡಿದೆ. ಸೊಸೆ ಎತ್ತಿ, "ಡಾಕ್ಟರ್ ಮಾತಾಡಬ್ಯಾಡ ಅಂದಾರ, ಕಣ್ಣಿಗಿ ಪಟ್ಟಿ ಕಟ್ಯಾರ" ಎಂದಳು. ಕೊನೆಗೆ ಅಪೆಂಡ್ ಮಾಡಿದೆ. ಕಾಕಿಯ ಹೆಸರು, ಈ ಸಲ ಅವಳದೇ ಹೆಸರು, ಬೋಳನ ಕೆಳಗೆ ಕೊನೆಯ ಸಾಲಿನಲ್ಲಿ ಬಂತು: ಕೊನೆಯ ದಿನ, ಸಂಜೆ ಆರಕ್ಕೆ. ಕಾಲುವೆ ಬಂದ್ ಆಗುವುದೂ ಅದೇ ಸಂಜೆ ಎಂದು ಕಾಲುವೆ ಕಚೇರಿಯವರು ಹೇಳಿದ್ದರು. ಎಷ್ಟು ಹೊತ್ತಿಗೆ ಎಂದು ಯಾರೂ ಹೇಳಿರಲಿಲ್ಲ. ಕಾಕಿಗೆ ಹಾಳೆ ಕೊಟ್ಟೆ. ಅವಳಿಗೆ ಓದು ಬರುತ್ತಿರಲಿಲ್ಲ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ನಾನಾ?" ಎಂದು ಕೇಳಿದಳು. ಹೌದೆಂದೆ.

"ಕಡೀಕ ಹಾಕಿದಿ."

"ಕಡೀಕಷ್ಟೇ ಜಾಗ ಇತ್ತು ಕಾಕಿ."

ಆ ಭಾನುವಾರ ಯಾದಗಿರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಕಲಿಸುವ ಹುಡುಗಿ ನನ್ನ ಪಟ್ಟಿಯನ್ನು ಪರದೆಯ ಮೇಲೆ ತೆರೆದಳು. ಅವತ್ತು ತೆಲುಗು ಬರಲಿಲ್ಲ. "ರಿಮೂವ್ ತಪ್ಪು ಮಾಡಿಲ್ಲರಿ ಸರ್" ಎಂದಳು. ಒಂದೇ ಹೆಸರು ಎರಡು ಸಲ ಇದ್ದರೆ ಏನು ಮಾಡಬೇಕೆಂದು ಹೇಳಿಕೊಟ್ಟಳು: ಹೆಸರು ಹಿಡಿದು ತೆಗೆಯಬಾರದು, ಎಷ್ಟನೆಯದೆಂದು ಹೇಳಿ ಪಾಪ್ ಮಾಡಬೇಕು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಪುಟ ಈಗಲೂ ಇದೆ, ಅಕ್ಷರ ದುಂಡಗಿವೆ.

ಕೊನೆಯ ದಿನ ಕಾಲೇಜಿನಿಂದ ಬೇಗ ಹೊರಟೆ. ಹುಣಸಗಿ ಕಡೆಯಿಂದ ಬಂದ ಬಸ್ಸು ತುಂಬಿತ್ತು. ನನ್ನ ಹಿಂದೆ ನಿಂತ ಇಬ್ಬರು ಮಾತಾಡುತ್ತಿದ್ದರು: ಮೇಲಿನ ಗೇಟ್ ಇಳಿಸ್ಯಾರಂತ, ನೀರು ಮುಗೀತಂತ. ಊರಿನ ದಾರಿಯಲ್ಲಿ ಇಳಿದು ನೇರವಾಗಿ ತೂಬಿಗೆ ಬಂದೆ. ಬಿಸಿಲು ಇನ್ನೂ ಇತ್ತು. ತೂಬಿನ ಬಾಗಿಲು ಇಳಿದಿತ್ತು. ಹೊಲಗಾಲುವೆಯಲ್ಲಿ ಕೆಸರು ಮಾತ್ರ. ಬೋಳ ತನ್ನ ಪಾಳಿ ಮುಗಿಸಿ ಹೋಗಿದ್ದ. ಅವನ ಹತ್ತಿರ ಇದ್ದದ್ದು ಮೊದಲ ಹಾಳೆ, ಅದರಲ್ಲಿ ಅವನೇ ಕೊನೆಯವನು, ಆದ್ದರಿಂದ ಬಾಗಿಲು ಇಳಿಸಿ ಹೋಗಿದ್ದ. ಇದು ನನಗೆ ತಿಳಿದದ್ದು ಆಮೇಲೆ. ಆ ಹೊತ್ತಿಗೆ ನಾನು ನೋಡಿದ್ದು ಮುಚ್ಚಿದ ಬಾಗಿಲು, ಒಣಗಾಲುವೆ. ಕಿವಿಯಲ್ಲಿ ಬಸ್ಸಿನ ಮಾತು.

ತೂಬಿನ ಹಿಂದೆ ಕಾಲುವೆಯ ಏರಿ. ಹತ್ತಿಪ್ಪತ್ತು ಹೆಜ್ಜೆ ಹತ್ತಿದರೆ ಕಾಲುವೆ ಕಾಣುತ್ತದೆ. ನಾನು ಹತ್ತಲಿಲ್ಲ. ಯಾಕೆಂದು ಕೇಳಿಕೊಂಡಾಗ ಮೂರು ಉತ್ತರಗಳು ಬರುತ್ತವೆ: ಏರಿಯ ತುಂಬ ಜಾಲಿ ಬೆಳೆದಿತ್ತು, ಕಾಲೇಜಿನ ಬೂಟು ಹಾಕಿಕೊಂಡಿದ್ದೆ, ಅಷ್ಟರಲ್ಲಿ ಕಾಕಿ ಸಲಿಕೆ ಹೆಗಲಿಗಿಟ್ಟುಕೊಂಡು ಬರುತ್ತಿರುವುದು ಕಂಡಿತು. ಮೂರೂ ಒಟ್ಟಿಗೆ ನಿಜವಿರಬಹುದು. ಒಂದೂ ನಿಜವಿಲ್ಲದೆಯೂ ಇರಬಹುದು.

"ಬಂದಿಯಾ ಮಾಸ್ತರ? ಆರು ಆತೇನು?"

"ನೀರು ಬಂದ್ ಆಗ್ಯಾವ ಕಾಕಿ."

ಅವಳು ತೂಬನ್ನು ನೋಡಿದಳು, ನನ್ನನ್ನು ನೋಡಿದಳು. "ಕಾಲುವಿ ನೋಡೀಯೇನು?"

"ನೋಡೀನಿ."

ಈ ಒಂದು ಮಾತಿನ ಬಗ್ಗೆ ನನ್ನ ನೆನಪು ಎಂದೂ ಬದಲಾಗಿಲ್ಲ.

ಅವಳು ಸಲಿಕೆ ಇಳಿಸಿ, ತೂಬಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಳು. "ಓದಿದವ ಹೇಳ್ತಿ, ಇರಬೇಕು" ಎಂದಳು. ಅದು ಹಂಗಿಸಿದ್ದೋ ನಂಬಿದ್ದೋ ನನಗೆ ತಿಳಿಯಲಿಲ್ಲ. ಇಬ್ಬರೂ ಊರ ಕಡೆ ನಡೆದೆವು. ದಾರಿಯಲ್ಲಿ ಅವಳು ಸುರಪುರದಲ್ಲಿ ಮನೆ ಬಾಡಿಗೆಗೆ ಸಿಗುವುದೇ ಎಂದು ಕೇಳಿದಳು, ತನಗಲ್ಲ, ಓದುವ ಮಗಳಿಗೆ. ನೋಡುತ್ತೇನೆಂದೆ.

ಮುಂದಿನ ನೀರು ಬರುವಷ್ಟರಲ್ಲಿ ಅವಳ ಹೊಲದಲ್ಲಿ ತೆನೆ ಬೆಳ್ಳಗಾಗಿ ನೆಟ್ಟಗೆ ನಿಂತಿದ್ದವು. ಕಾಳು ತುಂಬಿದ ತೆನೆ ಬಾಗುತ್ತದೆ. ಸುತ್ತಲಿನ ಹೊಲಗಳವು ಬಾಗಿದ್ದವು. ರಾಶಿಯ ದಿನ ಅವಳು ಗಾಳಿಗೆ ತೂರುವಾಗ ನಾನು ರಸ್ತೆಯ ಮೇಲಿದ್ದೆ; ಅರ್ಧಕ್ಕರ್ಧ ಹಾರಿ ಹೋಗುವುದು ಅಲ್ಲಿಂದಲೇ ಕಾಣುತ್ತಿತ್ತು. ಆ ವರ್ಷ ಮಗಳು ಕಾಲೇಜಿಗೆ ಸೇರಲಿಲ್ಲ. ಭತ್ತಕ್ಕೂ ಇದಕ್ಕೂ ಸಂಬಂಧವಿತ್ತೇ ಎಂದು ನಾನು ಕೇಳಿಲ್ಲ.

ಮುತ್ಯಾ ಬಂದು ಮತ್ತೆ ಕಟ್ಟೆಯ ಮೇಲೆ ನಿಂತು ಕೂಗತೊಡಗಿದ. ಕಾಲೇಜಿನಲ್ಲಿ ನಾನು ರಿಮೂವ್ ಪಾಠ ಮಾಡಿದೆ. ಮೊದಲು ಸಿಕ್ಕಿದ್ದನ್ನು ಮಾತ್ರ ತೆಗೆಯುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಉದಾಹರಣೆಗೆ ಹಣ್ಣುಗಳನ್ನೇ ಬಳಸಿದೆ. ಮಕ್ಕಳಿಗೆ ಅರ್ಥವಾಯಿತು. ಆ ಪ್ರಶ್ನೆ ಪರೀಕ್ಷೆಗೂ ಬಂತು.

ನೀರು ಅವತ್ತೇ ನಿಂತಿತ್ತು ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತ ಬಂದೆ, ಹೇಳುತ್ತ ಹೇಳುತ್ತ ಒಣಗಿದ ಕಾಲುವೆಯನ್ನು ಏರಿಯ ಮೇಲಿಂದ ನೋಡಿದಂತೆಯೇ ಆಗಿಬಿಟ್ಟಿತು. ಎರಡು ವರ್ಷದ ಮೇಲೆ ಅದನ್ನು ತಾಳಲಾರದೆ ಕಾಲುವೆ ಕಚೇರಿಗೆ ಹೋಗಿ, ಗೇಟಿನ ದಾಖಲೆ ಪುಸ್ತಕ ತೋರಿಸಿ ಎಂದು ಕೇಳಿದೆ. ಗುಮಾಸ್ತ ಯಾಕೆ ಎಂದು ಕೇಳದೆ ತೆಗೆದುಕೊಟ್ಟ. ನಮ್ಮ ಕಾಲುವೆಯ ಗೇಟನ್ನು ಇಳಿಸಿದ್ದು ಆ ಸಂಜೆ ಅಲ್ಲ, ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ.